ಮಂಟಪದ ಪಕ್ಕದ ಮನುಷ್ಯ

ಹೊಟ್ಟು ಎಳೆಯುವ ಫ್ಯಾನಿನ ಭರ್ರೆನ್ನುವ ಸದ್ದು ಬೆಳಿಗ್ಗೆ ಮತ್ತೆ ಶುರುವಾಯಿತು. ಯಂತ್ರಕ್ಕೆ ಸಿಕ್ಕಿ ಆಳು ಸುಭಾಷ್ ಸತ್ತ ಮೇಲೆ ಅಕ್ಕಿ ಮಿಲ್ಲು ಬಾಯಿ ಮುಚ್ಚಿಕೊಂಡಿತ್ತು. ಮಾನ್ವಿಯಲ್ಲಿ ಆ ಮಿಲ್ಲಿನ ಗೋಡೆಗೆ ಬೆನ್ನು ಕೊಟ್ಟ ಮನೆಯೊಳಗೆ ವಿಶಾಖಾ ಒಲೆಯ ಮುಂದಿನಿಂದ ಎದ್ದು ಕದ ಮುಚ್ಚಿದಳು. ಸದ್ದು ಗೋಡೆಯಿಂದಲೇ ಬಂತು.

ಅವಳು ಹುಟ್ಟಿದ್ದು ಮಲ್ಲಟದಲ್ಲಿ, ಕೂಲಿಗೆ ನಾಟಿ ಹಚ್ಚುವವರ ಮನೆಯಲ್ಲಿ. ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದು ಐಟಿಐ ಮುಗಿಸಿದ ಮೇಲೆ ಮಿಲ್ಲಿನ ಚೀನಾ ಯಂತ್ರದ ಬೋರ್ಡು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬೋರ್ಡಿನ ಗುಂಡಿಗಳೆಲ್ಲ ಒಂದೇ ಬೂದು ಬಣ್ಣ, ಗುರುತಿಗೆ ಚೀನೀ ಅಕ್ಷರಗಳು. ಯಂತ್ರ ಕೂಡಿಸಲು ಬಂದ ಚೀನಾದ ಫಿಟ್ಟರ್, ತನ್ನ ಮಾತನ್ನು ಫೋನಿನಿಂದ ಕನ್ನಡದಲ್ಲಿ ಹೇಳಿಸುತ್ತ, ಒಂದು ಅಕ್ಷರವನ್ನು ಮತ್ತೆ ಮತ್ತೆ ತೋರಿಸಿದ್ದ. 停. ನಿಲ್ಲು. ಅಕ್ಷರದ ಎಡ ಅರ್ಧ ಮನುಷ್ಯ, ಬಲ ಅರ್ಧ ಮಂಟಪ. ಅವರ ಭಾಷೆಯಲ್ಲಿ ಮಳೆ ನಿಂತರೂ ಅದೇ, ಕರೆಂಟು ಹೋದರೂ ಅದೇ, ಬಸ್ಸು ನಿಲ್ಲುವ ಜಾಗದ ಹಲಗೆಯ ಮೇಲೂ ಅದೇ. ಹೆಣವನ್ನು ಮಣ್ಣಿಗೆ ಒಯ್ಯುವ ಮೊದಲು ಇಟ್ಟುಕೊಂಡು ಕೂರುತ್ತಾರಲ್ಲ, ಆ ಮಾತಿಗೂ ಅದೇ.

ವಿಶಾಖಾ ಅದನ್ನು ಎಲ್ಲರಿಗೂ ಕಲಿಸಿದಳು. ದೇವದುರ್ಗದಿಂದ ಕೆಲಸಕ್ಕೆ ಬಂದಿದ್ದ ಸುಭಾಷ್ ನೋಡಿ ನಕ್ಕಿದ್ದ.

"ಯಕ್ಕಾ, ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ನಾ ಕಾಯ್ಕೋಂತ ನಿಂತಂಗ ನಿಂತಾನಲ್ಲ ಇಂವ."

ಅಮಾವಾಸ್ಯೆಗೆ ಯಂತ್ರಕ್ಕೆ ಪೂಜೆ ಆಗಬೇಕು. ಮಾಲೀಕ ವಿರೂಪಣ್ಣ ನೀರಲ್ಲಿ ಕಲಸಿದ ವಿಭೂತಿಯನ್ನು ಈ ಸಲ ಬೋರ್ಡಿನ ಮೇಲೂ ಅಡ್ಡಡ್ಡ ಎಳೆದರು. ಅದು ಒಣಗುತ್ತಲೇ ಗುಂಡಿಗಳೆಲ್ಲ ಒಂದೇ ಬಿಳುಪಾದವು. ಒರೆಸಲೇ ಎಂದು ವಿಶಾಖಾ ಕೇಳಿದ್ದಕ್ಕೆ, ಪೂಜೆಯ ವಿಭೂತಿಗೆ ಹೊತ್ತು ಮುಳುಗುವ ತನಕ ಬಟ್ಟೆ ಹಚ್ಚಬಾರದು ಎಂದರು. ಹೊಸದಾಗಿ ಸೇರಿ ಆ ಅಕ್ಷರ ಕಲಿತಿದ್ದ ಗುಲ್ನಾಜಳನ್ನು ಬೋರ್ಡಿಗೆ ನಿಲ್ಲಿಸಿ ವಿಶಾಖಾ ಊಟಕ್ಕೆ ಹೋದಳು.

ಬೆಲ್ಟಿಗೆ ಸಿಕ್ಕಿದ್ದ ಹುಲ್ಲು ಬಿಡಿಸಲು ಹೋದ ಸುಭಾಷನ ತೋಳು ಒಳಗೆ ಹೋಯಿತು. ಕೂಗು ಕೇಳಿ ವಿಶಾಖಾ ಓಡಿ ಬಂದಾಗ ಗುಲ್ನಾಜ್ ಓಢಣಿಯಿಂದ ಒಂದೊಂದೇ ಗುಂಡಿ ಒರೆಸುತ್ತ ಆ ಮಂಟಪದ ಮನುಷ್ಯನನ್ನು ಹುಡುಕುತ್ತಿದ್ದಳು. ವಿಶಾಖಾ ಅವಳನ್ನು ಸರಿಸಿ ಗುಂಡಿ ಒತ್ತಿದಳು. ಅಷ್ಟರಲ್ಲಿ ಸುಭಾಷನ ಉಸಿರು ಹೋಗಿತ್ತು. ಸಂಜೆ ಅವನ ತಾಯಿ ಬರುವವರೆಗೂ ಅವನನ್ನು ಮಿಲ್ಲಿನ ತಗಡಿನ ಕೆಳಗೆ ಮಲಗಿಸಿದ್ದರು. ಹೊತ್ತು ಮುಳುಗಿದ ಮೇಲೆ ಯಾರೋ ಬೋರ್ಡು ತೊಳೆದರು.

ಗುಲ್ನಾಜಳಿಗೆ ಅಕ್ಷರ ಗೊತ್ತಾಗದೆ ಹೀಗಾಯಿತೆಂದು ವಿರೂಪಣ್ಣ ಪೊಲೀಸರಿಗೆ ಹೇಳಿಕೆ ಕೊಟ್ಟರು. ಈಗ ಆ ಹುಡುಗಿ ಠಾಣೆಯಲ್ಲಿ ಕೂತಿದ್ದಾಳೆ. ವಿಶಾಖಾಳೂ ಅದನ್ನೇ ಹೇಳಿದರೆ ಸಾವಿನ ಹೊಣೆ ಗುಲ್ನಾಜಳ ತಲೆಗೇ ಕಟ್ಟುತ್ತದೆ.

ಕದ ಬಡಿದವರು ವಿರೂಪಣ್ಣನೇ. ಒಳಗೆ ಬರಲಿಲ್ಲ, ಚಹಾ ಬೇಡವೆಂದರು.

"ಪೊಲೀಸ್ರ ಮುಂದ ಅಕ್ಷರ ಛಲೋ ಕಾಣತಿದ್ವು ಅಂದ್ರ ಮುಗೀತವ್ವಾ. ದೇವರ ಇಬತ್ತಿ ಮ್ಯಾಲ ಕೇಸ್ ಹಾಕಸ್ತೀಯೇನು?"

"ಇಬತ್ತಿದೇನು ತಪ್ಪಿಲ್ರಿ ಸಾವ್ಕಾರ್ರ. ಒರಸ್ತೀನಿ ಅಂದ್ರ ಬ್ಯಾಡ ಅಂದವ್ರು ನೀವು."

"ಭಾಳ ಕಲ್ತೀದಿ ಬಿಡು. ನಾಳಿಂದ ಬೋರ್ಡಿಗೆ ಬ್ಯಾರೆದವ್ರು ಬರ್ತಾರ."

ವಿಶಾಖಾ ಒಲೆ ಆರಿಸಿದಳು. ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಹೊರಗೆ ಬಂದು ಕದಕ್ಕೆ ಬೀಗ ಹಾಕಿದಳು.

"ಬರಲಿ ಬಿಡ್ರಿ. ಅಲ್ಲಿ ಆ ಹುಡುಗಿ ಒಬ್ಬಾಕೀನ ಕುಂತಾಳ. ನಾ ಹೋಗಿ ಆವತ್ತ ಏನಾತು, ಯಾರು ಏನಂದ್ರು ಅಂತ ಹೇಳ್ತೀನಿ," ಎನ್ನುತ್ತಲೇ ಅವರನ್ನು ದಾಟಿ ಅವಳು ಠಾಣೆಯ ಹಾದಿ ಹಿಡಿದಳು.