ಬಿಚ್ಚಿ ಹೊಲಿದವಳು

ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಕಾಲಲ್ಲಿ ತುಳಿಯುವ ನಾಲ್ಕು ಹೊಲಿಗೆ ಮಷೀನು, ಗಿರಣಿ ತಿರುಗಿದಾಗಲೆಲ್ಲ ನಡುಗುವ ನೆಲ. ಟೈಲರಕ್ಕ ಇಪ್ಪತ್ತೆರಡು ವರ್ಷ ಅಲ್ಲೇ ಕೂತು ಅರ್ಧ ಊರಿಗೆ ಬಟ್ಟೆ ಹೊಲಿದಳು. ಅವಳ ಮೇಲಿದ್ದದ್ದು ಒಂದೇ ದೂರು: ತಡ ಮಾಡ್ತಾಳೆ. ಹೊಲಿಗೆ ನೂಲೆಳೆಯಷ್ಟು ಸೊಟ್ಟಗಾದರೂ ಸರಿ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಯಾರು ನೋಡ್ತಾರೆ ಅತ್ತಿಗೆ, ಒಳಗಿನ ಹೊಲಿಗೆ?" ಅಂತ ನಾದಿನಿ ರೇಗಿಸುತ್ತಿದ್ದಳು.

"ನೋಡೋದು ಬೇಡ, ಹಾಕ್ಕೊಂಡೋರಿಗೆ ಚುಚ್ಚುತ್ತೆ."

ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು. ಕೋಣೆ ಬಿಟ್ಟುಬಿಡುವ ಯೋಚನೆಯಲ್ಲಿದ್ದಾಗಲೇ ಸರ್ಕಾರದ ಹೂಡಿಕೆ ಕಚೇರಿಯ ಅಧಿಕಾರಿ ಮೆಟ್ಟಿಲು ಹತ್ತಿ ಬಂದ. ವಿದೇಶಿ ಕಂಪನಿಯೊಂದು ಬಟ್ಟೆ ಫ್ಯಾಕ್ಟರಿಗೆ ಹಳ್ಳಿ ಕಡೆ ಜಾಗ ಹುಡುಕುತ್ತಿದೆ, ಐನೂರು ಕೆಲಸ.

"ಜಾಗ ತೋರಿಸ್ಬಹುದು, ನೀರು ತೋರಿಸ್ಬಹುದು. ಪಳಗಿದ ಕೈ ಎಲ್ಲಿ ಅಂತ ಕೇಳ್ತಾರೆ, ಅಕ್ಕಾ. ನಲವತ್ತು ಹುಡುಗಿಯರನ್ನ ತಯಾರು ಮಾಡಿಕೊಡಿ. ಫ್ಯಾಕ್ಟರಿ ಬಂದ್ರೆ ಸೂಪರ್‌ವೈಸರ್ ನೀವೇ. ನನ್ನ ಮಾತು."

ಮೂಗಿಗೆ ತುಪ್ಪ ಸವರುವುದನ್ನು ಇಂಥವರಿಗೆ ಯಾರೂ ಕಲಿಸಬೇಕಾಗಿಲ್ಲ. ಟೈಲರಕ್ಕ ನಂಬಿದಳು. ತಿಂಗಳ ಸಂಬಳ ಅನ್ನುವುದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಎರಡು ವರ್ಷ, ಬೆಳಿಗ್ಗೆ ಒಂದು ತಂಡ, ಸಂಜೆ ಒಂದು ತಂಡ, ಬಿಟ್ಟಿಯಾಗಿ ಕಲಿಸಿದಳು. ಮನೆಗೆಲಸ ಮುಗಿಸಿ ಅವಳ ನಾದಿನಿಯೂ ಬಂದು ಕಲಿತಳು. ವಿದೇಶಿಯರು ಬಂದು ಅಂಗಿಯ ಕಾಲರ್ ತಿರುಗಿಸಿ, ಒಳಹೊಲಿಗೆಯ ಮೇಲೆ ಬೆರಳಾಡಿಸಿ ತಲೆದೂಗಿದರು. ಪಕ್ಕದಲ್ಲಿ ಅಧಿಕಾರಿ, ತಾನೇ ಹೊಲಿದವನ ಹಾಗೆ, ಹಲ್ಲು ಕಿಸಿದು ನಿಂತಿದ್ದ.

ಕಂಪನಿ ಬಂತು. ಬಂದವರಿಗೆ ಜಾಗ ಪುಗಸಟ್ಟೆ ಬೆಲೆಗೆ, ಹದಿನೈದು ವರ್ಷ ತೆರಿಗೆ ಮಾಫಿ, ಗೇಟಿನವರೆಗೆ ಡಾಂಬರು ರಸ್ತೆ. ಪ್ರತಿಯೊಂದಕ್ಕೂ ಸಹಿ, ಸೀಲು. ಅವರು ಬರುವಂತೆ ಮಾಡಿದವಳಿಗೆ ಬರೀ ಬಾಯಿಮಾತು.

"ಸೂಪರ್‌ವೈಸರ್ ಆಗೋರೂ ಮೊದಲು ಪರೀಕ್ಷೆ ಪಾಸಾಗ್ಬೇಕಂತೆ. ನಿಮಗೇನು, ನೀರು ಕುಡಿದಷ್ಟು ಸುಲಭ" ಅಂದ ಅಧಿಕಾರಿ.

ಗಂಟೆಗೆ ನಲವತ್ತು ಅಂಗಿಗಳ ಪಕ್ಕದ ಹೊಲಿಗೆ. ಎಡಗಡೆಯವಳು ಭುಜ ಹೊಲಿದು ಕೊಡಬೇಕು, ಇವಳು ಪಕ್ಕ ಹೊಲಿದು ಬಲಗಡೆಗೆ ಕೊಡಬೇಕು. ಐದನೆಯ ಅಂಗಿಯ ಭುಜ ಸೊಟ್ಟಗಿತ್ತು. ಟೈಲರಕ್ಕನ ಕೈ ತಾನಾಗಿ ಬ್ಲೇಡಿಗೆ ಹೋಯಿತು. ಬಿಚ್ಚಿದಳು, ನೆಟ್ಟಗೆ ಹೊಲಿದು ಮುಂದೆ ಕೊಟ್ಟಳು. ಒಂಬತ್ತನೆಯದೂ ಹಾಗೇ. ಗಂಟೆ ಮುಗಿದಾಗ ಹನ್ನೊಂದು ಅಂಗಿ ಉಳಿದಿದ್ದವು.

ಗಡಿಯಾರ ಹಿಡಿದಿದ್ದ ಮ್ಯಾನೇಜರ್ ಅಂದ, "ಅದು ನಿಮ್ಮ ಕೆಲಸ ಅಲ್ಲಮ್ಮ. ಸೊಟ್ಟ ಇದ್ರೂ ಮುಂದಕ್ಕೆ ತಳ್ಳಬೇಕು."

"ಗೊತ್ತಿದ್ದೂ ತಳ್ಳೋದಾ?"

"ಗೊತ್ತಿದ್ದೂ."

ಅವಳು ಕಲಿಸಿದ ನಲವತ್ತರಲ್ಲಿ ಮೂವತ್ತಾರು ಜನ ಪಾಸಾದರು, ನಾದಿನಿಯೂ ಸೇರಿ. ಕಲಿಸಿದವಳು ಫೇಲು. ಸೂಪರ್‌ವೈಸರ್‌ಗಳನ್ನೋ, ಪರೀಕ್ಷೆಗೂ ಮುಂಚೆಯೇ ನಗರದಿಂದ ಕರೆಸಿಕೊಂಡಾಗಿತ್ತು.

ಹದಿನೈದು ದಿನ ಕಳೆದು ಅಧಿಕಾರಿ ಮತ್ತೆ ಮೆಟ್ಟಿಲು ಹತ್ತಿ ಬಂದ. ನಾಚಿಕೆ ಅನ್ನುವುದನ್ನು ಕೆಳಗೆ ಗಿರಣಿಯಲ್ಲೇ ಬಿಟ್ಟು ಬಂದಿದ್ದನೋ ಏನೋ. ಕಂಪನಿ ಎರಡನೇ ಶೆಡ್ ಕಟ್ಟುತ್ತಿದೆ, ಇನ್ನೂ ಅರವತ್ತು ಜನ ಬೇಕು ಅಂದ.

"ಫೇಲಾದವಳ ಹತ್ರ ಕಲಿತೋರು ಪಾಸಾಗ್ತಾರಾ ಸಾರ್?"

ಅವನು ನಕ್ಕ. "ಒಂದು ಸರ್ಟಿಫಿಕೇಟ್ ಕೊಡಿಸ್ತೀನಿ ಅಕ್ಕಾ. ಫ್ರೇಮ್ ಹಾಕಿಸಿ."

"ಕಂಪನಿಗೆ ಜಾಗ ಬಾಯಲ್ಲಿ ಕೊಟ್ರಾ?"

"ಅದೆಲ್ಲ ಕರಾರು. ಕಾಗದ ಇರುತ್ತೆ."

"ನನಗೂ ಕಾಗದ ತನ್ನಿ. ಕಲಿಸೋ ಕೆಲಸ, ತಿಂಗಳ ಸಂಬಳ, ಕಂಪನಿ ಸಹಿ. ಅಲ್ಲೀತನಕ ಈ ಮಷೀನು ನಿಮಗೋಸ್ಕರ ತಿರುಗಲ್ಲ."

"ಅರವತ್ತು ಹುಡುಗಿಯರ ಅನ್ನಕ್ಕೆ ಕಲ್ಲು ಹಾಕ್ತಿದೀರಿ."

ಫ್ಯಾಕ್ಟರಿಯ ಟೋಪಿ ತೆಗೆಯದೆ ಮೂಲೆಯಲ್ಲಿ ಕೂತಿದ್ದ ನಾದಿನಿ ಅಂದಳು, "ನಮ್ಮತ್ತಿಗೆ ಅನ್ನಕ್ಕೆ ಕಲ್ಲು ಹಾಕಿದೋರು ಮೊದಲು ಅದನ್ನ ಆರಿಸ್ಲಿ."

ಅಧಿಕಾರಿ ಇಳಿದು ಹೋದ. ಅವನನ್ನು ಎದುರಿಸುವುದು ಸುಲಭವಿತ್ತು. ಮರುದಿನ ಬೆಳಿಗ್ಗೆ ಕಲಿಯಲು ಬಂದು ಮೆಟ್ಟಿಲ ಮೇಲೆ ಕೂತ ಹನ್ನೆರಡು ಹುಡುಗಿಯರನ್ನು ಎದುರಿಸುವುದು ಕಷ್ಟವಾಯಿತು. ವಾಪಸ್ ಕಳಿಸಿದರೆ ಅವನ ಮಾತೇ ನಿಜವಾಗುತ್ತದೆ. ಒಳಗೆ ಕರೆದರೆ ಇನ್ನೆರಡು ವರ್ಷ ಬಿಟ್ಟಿ ಚಾಕರಿ. ಟೈಲರಕ್ಕ ಸೆರಗು ಸಿಕ್ಕಿಸಿದಳು.

"ಕಲಿಸ್ತೀನಿ. ಇಲ್ಲಿ ಅಲ್ಲ, ಆ ಅಧಿಕಾರಿ ಕಚೇರಿ ವರಾಂಡದಲ್ಲಿ. ಕಾಗದ ಬರೋತನಕ ದಿನಾ ಅಲ್ಲೇ."

"ಓಡಿಸಿದ್ರೆ, ಅಕ್ಕಾ?"

"ಈ ಮಷೀನನ್ನ ಅಲ್ಲಿಂದ ಓಡಿಸೋದು ಅಷ್ಟು ಸುಲಭ ಅಲ್ಲ. ಕಬ್ಬಿಣ ಇದು. ಹಿಡೀರಿ ಆ ಕಡೆ."