ಲಾರಿಯ ಮೇಲೆ ಮನೆ ಕಟ್ಟಿಕೊಟ್ಟ ಮಿಸ್ತ್ರಿ ಕಾಕಾ

ಮಿಸ್ತ್ರಿ ಕಾಕಾನ ಹುಬ್ಬುಗಳು ಎಷ್ಟು ದಟ್ಟವಾಗಿದ್ದವೆಂದರೆ, ಅವುಗಳಲ್ಲಿ ಯಾವಾಗಲೂ ಕಟ್ಟಿಗೆಯ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಮಾತಾಡುತ್ತ ಹುಬ್ಬು ಏರಿಸಿದರೆ ಸಾಕು, ಹೊಟ್ಟು ಉದುರಿ ಮೂಗಿನ ಮೇಲೆ ಬೀಳುತ್ತಿತ್ತು. ಅದನ್ನು ಉಫ್ ಎಂದು ಊದಿ ಹಾರಿಸಿ, ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ನನಗೆ ಮದುವೆಯಾಗಿ ಐದು ತಿಂಗಳಾಗಿತ್ತು. ಆಗ ನಗು ಬಂದರೂ ಸೆರಗು, ಸಿಟ್ಟು ಬಂದರೂ ಸೆರಗು, ಏನಾದರೂ ಹೇಳಬೇಕೆನಿಸಿದರಂತೂ ಇನ್ನೂ ಬಿಗಿಯಾಗಿ ಸೆರಗು.

ಶಹಾಬಾದಿನಲ್ಲಿ ಅವರದು ಲಾರಿಗಳಿಗೆ ಬಾಡಿ ಕಟ್ಟುವ ಕೆಲಸ. ಖಣಿಗಳಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುವ ಲಾರಿಗಳು ಅವರ ಅಂಗಳದಲ್ಲಿ ಸಾಲಾಗಿ ನಿಂತಿರುತ್ತಿದ್ದವು. ನಾವು ಅಲ್ಲಿಗೆ ಹೋದದ್ದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮರುವರ್ಷ, ಹರಾಜಿನಲ್ಲಿ ಹಿಡಿದ ಒಂದು ಹಳೆಯ ಲಾರಿ ತೆಗೆದುಕೊಂಡು. ನನ್ನ ಗಂಡ ಸೇಡಂನಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದರು. ನಾನು ಗುಲಬರ್ಗಾದಲ್ಲಿ ಕಟಿಂಗ್ ಕಲಿತವಳು. ಹಳ್ಳಿಗಳಲ್ಲಿ ಮದುವೆಗೆ ಬಂದ ಮಷಿನ್ನುಗಳು ಕೌದಿ ಹೊದ್ದುಕೊಂಡು ಮೂಲೆ ಹಿಡಿದಿದ್ದವು. ಕೆಟ್ಟರೆ ಸರಿ ಮಾಡುವವರಿಲ್ಲ, ಹೆಣ್ಣುಮಕ್ಕಳಿಗೆ ಕಲಿಸುವವರೂ ಇಲ್ಲ. ಲಾರಿಯ ಮೇಲೆ ಮನೆ ಮಾಡಿಕೊಂಡು, ಒಂದೊಂದು ಊರಿನಲ್ಲಿ ಹದಿನೈದು ದಿನ ಇದ್ದು, ಅವರು ರಿಪೇರಿ ನಾನು ಕಲಿಸುವುದು ಎಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು.

ಮಾವನವರ ಕಿವಿಗೆ ಇದು ಬಿದ್ದದ್ದೇ ತಡ, ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ, ಲಾರಿಗೆ ದುಡ್ಡು ಕೊಡಲು ಒಪ್ಪಿ, ತೀರ್ಪು ಕೊಟ್ಟರು: “ಉಗಾದಿ ತನ ನೋಡ್ತೀನಿ. ಅಷ್ಟರಾಗ ಸೊಸಿ ಹೈರಾಣಾಗಿ ಮನಿಗಿ ಬಂದಳಂದ್ರ ಲಾರಿ ಮಾರಿಬಿಡ್ತೀನಿ. ನೀ ಅಣ್ಣನ ಅರಿವಿ ಅಂಗಡ್ಯಾಗ ಕುಂದರಬೇಕು.” ನನ್ನ ಪಾಲಿಗೆ ಅದರ ಅರ್ಥ, ಹನ್ನೊಂದು ಜನರ ಮನೆಯ ಅಡುಗೆಮನೆಯಲ್ಲಿ ಆಯುಷ್ಯ ಕಳೆಯುವುದು. ಆ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಆದರೆ ಕತ್ತರಿ ಹಿಡಿಯಲು ಕಲಿತ ಕೈಗೆ ಬೇರೆ ಕನಸು ಬಿದ್ದಿತ್ತು.

ಮಿಸ್ತ್ರಿ ಕಾಕಾ ಮೊದಲು ಒಪ್ಪಲಿಲ್ಲ. “ಇಷ್ಟು ದಿನ ಕಲ್ಲು ಹೊರೂ ಪೆಟ್ಟಿಗಿ ಕಟ್ಟೀನ್ರಿ. ಕಲ್ಲು ‘ನನಗ ಜಾಗಾ ಸಾಲಂಗಿಲ್ಲ’ ಅನ್ನಂಗಿಲ್ಲ. ಮಂದಿ ಅಂತಾರ,” ಎಂದರು. ನನ್ನ ಗಂಡ ಜೇಬಿನಿಂದ ಒಂದು ಹಳೆಯ ಪತ್ರಿಕೆಯ ಹಾಳೆ ತೆಗೆದು ಬಿಡಿಸಿದರು. ಯಾವುದೋ ವಿದೇಶದ ಮನೆಗಾಡಿಯ ಚಿತ್ರ. ಕ್ಯಾಬಿನ್ನಿಗೆ ಅಂಟಿಕೊಂಡು ಅಡ್ಡಲಾಗಿ ಮಂಚ, ಹಿಂಬಾಗಿಲ ಬಳಿ ನಿಂತು ಅಡುಗೆ ಮಾಡುವ ಕಟ್ಟೆ, ನಡುವೆ ಮೇಜು. ಕಾಕಾ ಚಿತ್ರವನ್ನು ಬಹಳ ಹೊತ್ತು ನೋಡಿ, ಒಂದು ಸುಣ್ಣದ ಹೆಂಟೆ ಎತ್ತಿಕೊಂಡರು. ಬೇವಿನ ಗಿಡದ ಕೆಳಗೆ ಫರಸಿ ಹಾಸಿದ ಅಂಗಳದಲ್ಲಿ ಲಾರಿಯ ಅಳತೆಗೆ ಸರಿಯಾಗಿ ಹದಿನಾಲ್ಕು ಅಡಿ ಉದ್ದ, ಏಳು ಅಡಿ ಅಗಲದ ಗೆರೆ ಎಳೆದರು. ಒಳಗೆ ಮಂಚ, ಕಟ್ಟೆ, ಮೇಜು, ಬಾಗಿಲು ಎಲ್ಲ ಬರೆದರು.

“ಮೂರು ದಿನ ಮುಂಜಾನಿಂದ ಸಂಜೀತನಕ ಇದರಾಗ ಬಾಳ್ವಿ ಮಾಡ್ರಿ. ರಾತ್ರಿ ಮಲಗ್ಲಿಕ್ಕಿ ನಮ್ಮ ಮನಿ ಅದ. ಆಮ್ಯಾಲ ನಾ ಹಲಗಿಗಿ ಉಳಿ ಹಚ್ಚತೀನಿ.”

ಅದು ಅವರ ಪದ್ಧತಿಯಂತೆ. ಬಂಡಿ ಕಟ್ಟಿಸುವವರನ್ನೂ ನೆಲದ ಮೇಲಿನ ಗೆರೆಯಲ್ಲಿ ಕೂರಿಸಿಯೇ ಅಳತೆ ಹಿಡಿಯುತ್ತಿದ್ದರು. ನಾವು ಗೆರೆಯೊಳಗೆ ಬಾಳ್ವೆ ಶುರು ಮಾಡಿದೆವು. ಕಾಕಾ ದೂರದಲ್ಲಿ ಹಲಗೆ ಹೆರೆಯುತ್ತಿದ್ದರೂ ಕಣ್ಣು ನಮ್ಮ ಮೇಲೆಯೇ. ನನ್ನ ಗಂಡ ಮರೆತು ಗೆರೆ ದಾಟಿದರೆ, “ಗ್ವಾಡಿ ಹಾದು ಹೊಂಟೀರಲ್ರಿ ಸಾಹೇಬ್ರ!” ಎಂದು ಕೂಗುತ್ತಿದ್ದರು. ಲಾರಿ ತಂದಿದ್ದ ಡ್ರೈವರುಗಳು ಬೀಡಿ ಸೇದುತ್ತ ನಮ್ಮ ಸಂಸಾರ ನೋಡಲು ಕೂತರು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೆ ಎನಿಸಿತ್ತು.

ಮಧ್ಯಾಹ್ನ ರೊಟ್ಟಿಯ ಹೊತ್ತು. ಚಿತ್ರದಲ್ಲಿದ್ದ ಎತ್ತರಕ್ಕೆ ಪೆಟ್ಟಿಗೆಗಳ ಮೇಲೆ ಹಲಗೆ ಇಟ್ಟುಕೊಟ್ಟಿದ್ದರು. ನಿಂತುಕೊಂಡು ಜೋಳದ ರೊಟ್ಟಿ ಬಡಿದೆ. ಹಲಗೆ ಎದೆಮಟ್ಟ, ಕೈಗೆ ಬಲ ಬರದೆ ಅಂಚು ಸೀಳಿ, ರೊಟ್ಟಿ ಮೂರು ತುಂಡಾಯಿತು.

“ಹ್ಯಾಂಗಾತವ್ವ?” ಎಂದರು ಕಾಕಾ.

“ಛಲೋ ಆತ್ರಿ.”

ಮಂಚದ ಗೆರೆಯಲ್ಲಿ ಗೋಡೆಯ ಕಡೆ ಮಲಗುವವಳು ಏಳಬೇಕೆಂದರೆ ಗಂಡನನ್ನು ದಾಟಬೇಕು. ಅದಕ್ಕೂ “ಛಲೋ ಅದ್ರಿ” ಎಂದೆ. ಜಳಕಕ್ಕೆ ಜಾಗವೇ ಇರಲಿಲ್ಲ. “ನಡೀತದ್ರಿ” ಎಂದೆ. ಬೇಗ ಮುಗಿದು, ಮಾವನವರ ಮನಸ್ಸು ಬದಲಾಗುವ ಮೊದಲು ಹೊರಟುಬಿಟ್ಟರೆ ಸಾಕಾಗಿತ್ತು. ಅಲ್ಲದೆ ಸೊಸೆಯಾದವಳು ಕೇಳಿದ್ದಕ್ಕೆಲ್ಲ ಛಲೋ ಅನ್ನಬೇಕೆಂದು ತವರಿನಲ್ಲಿ ಹೇಳಿಯೇ ಕಳಿಸಿದ್ದರು.

ಎರಡನೆಯ ದಿನ ಸಂಜೆ ಕಾಕಾ ಉಳಿ ಕೆಳಗಿಟ್ಟು ಬಂದರು. ಒದ್ದೆ ಅರಿವೆಯಿಂದ ಗೆರೆಗಳನ್ನೆಲ್ಲ ಒರೆಸಿ, ನನ್ನ ಗಂಡನಿಗೆ, “ನಿಮ್ಮ ಲಾರಿ ಒಯ್ರಿ,” ಎಂದರು.

“ಯಾಕ್ರಿ ಕಾಕಾ? ನಮ್ಮದೇನು ತಪ್ಪಾತು?”

“ಎಲ್ಲಾಕ್ಕೂ ಹ್ಞೂಂ ಅನ್ನೋ ಸೊಸಿಗಿ ನಾ ಮನಿ ಕಟ್ಟಂಗಿಲ್ಲ. ನಾಳಿ ಈ ಕೂಸು ಅಳಕೋತ ಮನಿಗಿ ಹೋದ್ರ ಮಂದಿ ಲಾರಿಗಿ ಅಂತಾರೇನು? ನನಗ ಅಂತಾರ.”

ಆ ಸಿಟ್ಟು ನನಗೆ ಎಲ್ಲಿಂದ ಬಂತೋ ಕಾಣೆ. ಸೆರಗು ಬಾಯಿಯ ತನಕ ಹೋಗಲೇ ಇಲ್ಲ. “ನಿಂತು ರೊಟ್ಟಿ ಬಡೀಲಿಕ್ಕಿ ಬರಂಗಿಲ್ರಿ! ಯಾರಿಗೂ ಬರಂಗಿಲ್ಲ!” ಎಂದು ಕೂಗಿಬಿಟ್ಟೆ. “ಆ ಚಿತ್ರದಾಗಿನ ಮಂದಿ ರೊಟ್ಟಿ ತಿನ್ನಂಗಿಲ್ಲ. ನಾವು ತಿಂತೀವಿ. ನನಗ ಕುಂತು ಬಡೀಲಿಕ್ಕಿ ಜಾಗಾ ಬೇಕು. ಮರಿಯಾಗ ಜಳಕಾ ಮಾಡ್ಲಿಕ್ಕಿ ಮೂಲಿ ಬೇಕು. ಕುಂತ್ರ ಹೊರಗ ಕಾಣೂ ಕಿಡಕಿ ಬೇಕು. ಮತ್ತ ಇವರನ್ನ ದಾಟಿ ಏಳೂದು ನನಗ ಒಟ್ಟ ಆಗಂಗಿಲ್ಲ!”

ಡ್ರೈವರುಗಳ ಬೀಡಿ ಕೈಯಲ್ಲೇ ಉಳಿಯಿತು. ನನ್ನ ಗಂಡ ಮದುವೆಯಾದಂದಿನಿಂದ ಮೊದಲ ಸಲ ನೋಡುವವರಂತೆ ನನ್ನನ್ನು ನೋಡುತ್ತಿದ್ದರು. ಕಾಕಾ ಸುಣ್ಣದ ಹೆಂಟೆಯನ್ನು ನನ್ನ ಕೈಗೆ ಕೊಟ್ಟು, “ಹಾಂ, ಈಗ ನೀ ಬರಿಯವ್ವ,” ಎಂದರು.

ನಾನು ಬರೆದೆ, ಅವರು ತಿದ್ದಿದರು. ಎರಡೂ ಪಕ್ಕಕ್ಕೆ ಉದ್ದಕ್ಕೆ ಒಂದೊಂದು ಹಲಗೆಯ ಬೆಂಚು. ಹಗಲು ಅದರ ಮೇಲೆ ಹೆಣ್ಣುಮಕ್ಕಳು ಕೂತು ಹೊಲಿಯಬೇಕು. ನಡುವಿನ ಓಣಿಯ ಮೇಲೆ ಇನ್ನೊಂದು ಹಲಗೆ ಜಾರಿಸಿದರೆ ಮೂರೂ ಸೇರಿ ಅಗಲವಾದ ಮಂಚ, ಇಬ್ಬರೂ ಬಾಗಿಲ ಕಡೆಯ ತುದಿಯಿಂದ ತಮ್ಮ ಪಾಡಿಗೆ ಇಳಿಯಬಹುದು. ಇದನ್ನು ವಿವರಿಸುವಾಗ ಕಾಕಾ ಪಾಪ, ಬೇವಿನ ಗಿಡದ ಕಡೆ ಮುಖ ತಿರುಗಿಸಿಕೊಂಡಿದ್ದರು. “ನಡಕಿನ ಹಲಗಿ ನಿಮ್ಮ ಮರ್ಜಿ. ಜಗಳಾದ ದಿನ ತಗದು ಇಡ್ರಿ,” ಎಂದರು. ಹಿಂಬಾಗಿಲ ಬಳಿ ಕೂತು ರೊಟ್ಟಿ ಬಡಿಯಲು ತಗ್ಗು ಜಾಗ, ಎದುರು ಮೂಲೆಯಲ್ಲಿ ತೆಳು ಫರಸಿ ಹಾಸಿದ ಜಳಕದ ಗೂಡು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು, ಗಾಡಿಯಾದರೋ ದಿನಕ್ಕೊಂದು ದಿಕ್ಕಿಗೆ ನಿಲ್ಲುತ್ತದೆ ಎಂದು ನಮ್ಮತ್ತೆ ಹೇಳಿಕಳಿಸಿದ್ದರು. ಕಾಕಾ ಮಂಚದ ಎರಡೂ ತುದಿಯನ್ನು ಒಂದೇ ಥರ ಮಾಡಿ, ತಲೆದಿಂಬು ಯಾವ ಕಡೆಗಾದರೂ ಹೋಗುವ ಹಾಗೆ ಬಿಟ್ಟರು.

ಕಟ್ಟಿ ಮುಗಿದ ಆ ಮನೆಯಲ್ಲಿ ನಾವು ಕುರಕುಂಟಾ, ಚಿಮ್ಮನಚೋಡ ಎಂಬ ಊರುಗಳನ್ನು ಮುಗಿಸಿ, ಉಗಾದಿಗೆ ಎಂಟು ದಿನವಿದೆ ಎನ್ನುವಾಗ ನಾಲವಾರದಲ್ಲಿದ್ದೆವು. ಒಂದು ಮಧ್ಯಾಹ್ನ ಮಾವನವರು ವಾಡಿಯಲ್ಲಿ ಗಾಡಿ ಬದಲಿಸಿ ರೈಲಿನಿಂದ ಇಳಿದು ಬಂದರು. ಜೊತೆಗೆ ಚಿತ್ತಾಪುರದ ಒಬ್ಬ ಕಲ್ಲಿನ ವ್ಯಾಪಾರಿ. ಉಗಾದಿಯ ತನಕವೂ ಕಾಯದೆ ಲಾರಿ ಕೊಳ್ಳುವವನನ್ನು ಕರೆದುಕೊಂಡೇ ಬಂದಿದ್ದರು! ನನ್ನ ಗಂಡ ರಿಪೇರಿಗೆಂದು ಊರೊಳಗೆ ಹೋಗಿದ್ದರು. ಒಳಗೂ ಹೊರಗೂ ಹದಿನಾಲ್ಕು ಹೆಣ್ಣುಮಕ್ಕಳು ಹೊಲಿಯುತ್ತಿದ್ದರು. ಮಾವನವರು ಮೆಟ್ಟಿಲಿಗೆ ಕಾಲಿಟ್ಟಕೂಡಲೆ ಒಬ್ಬಳು, “ಯಜಮಾನ್ರ, ಚಪ್ಪಲಿ ಹೊರಗ ಬಿಡ್ರಿ. ಇದು ಅಕ್ಕೋರ ಮನಿ,” ಎಂದಳು. ಮಾವನವರು ಚಪ್ಪಲಿ ಬಿಟ್ಟು ಒಳಗೆ ಬಂದರು.

“ಬರ್ರಿ ಮಾವಾರ, ಕುಂದ್ರಿ,” ಎಂದೆ. ಕೂತು ರೊಟ್ಟಿ ಬಡಿದು, ಬಿಸಿಬಿಸಿ ಬಡಿಸಿದೆ. ಅವರು ನಾಲ್ಕು ತಿಂದರು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಸೂರ್ಯ ಎಲ್ಲಿದ್ದಾನೆಂದು ನೋಡಿ, ದಿಂಬನ್ನು ತಾವೇ ಆಚೆ ತುದಿಗೆ ಸರಿಸಿ, ಬೆಂಚಿನ ಮೇಲೆ ಒಂದು ತಾಸು ಗೊರಕೆ ಹೊಡೆದರು. ವ್ಯಾಪಾರಿ ಹೊರಗೆ ಟೈರು ಒದ್ದು ಒದ್ದು ಬೇಸತ್ತು, “ಗಾಡಿ ಗಟ್ಟಿ ಅದ. ಒಳಗಿಂದೆಲ್ಲಾ ಕಿತ್ತು ಒಗದು ಕಲ್ಲು ತುಂಬ್ತೀನಿ. ಮಾತ ಮುಗಸ್ರಿ,” ಎಂದ.

ಮಾವನವರು ಎದ್ದು ರುಮಾಲು ಸುತ್ತಿಕೊಂಡರು. “ನನ್ನ ಯಾಕ ಕೇಳ್ತಿ? ಮನಿ ಅಕೀದು, ಅಕಿನ್ನ ಕೇಳು.”

“ಕೊಡಂಗಿಲ್ರಿ,” ಎಂದೆ. ಮಷಿನ್ನುಗಳೆಲ್ಲ ಒಮ್ಮೆಲೇ ನಿಂತವು. ನನ್ನ ದನಿ ಅಷ್ಟು ದೊಡ್ಡದಾಗಿತ್ತು. ಆಮೇಲೆ ಆ ಚಪ್ಪಲಿ ಬಿಡಿಸಿದವಳು ನಕ್ಕಳು, ಎಲ್ಲರೂ ನಕ್ಕರು, ಮಾವನವರೂ. ವ್ಯಾಪಾರಿ ಸಂಜೆಯ ರೈಲಿಗೆ ಒಬ್ಬನೇ ಹೋದ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಉಗಾದಿಗೆ ನೆಟ್ಟಗೆ ಶಹಾಬಾದಿಗೆ ಹೋದೆವು. ಕಾಕಾ ನಮ್ಮ ವಿಜಯದ ಕಥೆ ಅರ್ಧ ಕೇಳಿ, “ಅದಿರಲಿ, ತಪ್ಪು ಏನೇನು ಉಳದಾವ ಹೇಳು,” ಎಂದರು. ಮೂರು ಹೇಳಿದೆ. ಚಹಾ ಆರುವುದರೊಳಗೆ ಮೂರನ್ನೂ ಸರಿ ಮಾಡಿದರು. ಕಾಕಾನನ್ನೂ ಅವರ ಹೆಂಡತಿ ಕಾಕಿಯನ್ನೂ ಕೂರಿಸಿಕೊಂಡು ವಾಡಿಯವರೆಗೆ ಒಂದು ಸುತ್ತು ಹೋದೆವು. ಕಾಕಾ ದಾರಿಯುದ್ದಕ್ಕೂ ಗೋಡೆಗೆ ಕಿವಿ ಹಚ್ಚಿ, ಎಲ್ಲಿಯಾದರೂ ಕಿರ್ ಎನ್ನುತ್ತದೆಯೇ ಎಂದು ಕೇಳುತ್ತಿದ್ದರು. ಕಾಕಿ ಮಾತ್ರ ರೊಟ್ಟಿಯ ಜಾಗದಲ್ಲಿ ಕೂತು, ಕೈ ಆಡಿಸಿ, ಕಾಲು ಚಾಚಿ ನೋಡಿದರು. ವಾಡಿ ಬಂದಾಗ ನಿಧಾನಕ್ಕೆ ಅಂದರು: “ಏನ್ರೀ, ನಮ್ಮ ಒಲಿ ಮುಂದ ಮೂವತ್ತು ವರ್ಷಾತು, ಮೊಣಕಾಲು ಮಡಚಲಿಕ್ಕಿ ಜಾಗಾ ಇಲ್ಲ. ಊರ ಸೊಸಿಗೋಳಿಗಿ ಕೇಳ್ತೀರಿ. ನನಗ ಒಂದ ದಿನರೆ ಕೇಳೀರೇನು?”

ಕಾಕಾ ಗೋಡೆಯಿಂದ ಕಿವಿ ತೆಗೆದರು.

ಕೆಲವು ವರ್ಷಗಳ ನಂತರ ಕಾಕಾ ತೀರಿಕೊಂಡ ಸುದ್ದಿಯನ್ನು ಒಬ್ಬ ಲಾರಿ ಡ್ರೈವರ್ ಕುರಕುಂಟಾದಲ್ಲಿ ನಮಗೆ ಮುಟ್ಟಿಸಿದ. ಹೋದೆವು. ಕಾಕಿ ನನ್ನ ಕೈ ಹಿಡಿದು ನೇರ ಅಡುಗೆಮನೆಗೆ ಕರೆದೊಯ್ದರು. ಒಲೆ ಸರಿದಿತ್ತು, ಗೋಡೆ ಸರಿದಿತ್ತು, ಬೆಳಕು ಬೀಳಲು ಹೊಸ ಕಿಟಕಿ ಬಂದಿತ್ತು, ಕೂತರೆ ಕಾಲು ಚಾಚುವಷ್ಟು ಜಾಗ. ಆ ಉಗಾದಿಗೆ ನಾವು ಬಂದುಹೋದ ಮರುದಿನವೇ ಕಾಕಾ ಅಡುಗೆಮನೆಯ ಬಾಗಿಲಲ್ಲಿ ಕೂತು “ಹೇಳು” ಎಂದಿದ್ದರಂತೆ.

“ನಾ ಮೂರು ಸರ್ತಿ ‘ಬರೋಬರ್ ಇಲ್ಲ’ ಅಂದೆ,” ಎಂದರು ಕಾಕಿ. “ಮೂರು ಸರ್ತಿನೂ ಕಿತ್ತು ಕಟ್ಟಿದ್ರವ್ವ. ಆಮ್ಯಾಲ ಛಲೋ ಆಗ್ಯದ ಅಂದ್ರ ನಂಬವಲ್ರು. ಖರೇ ಹೇಳು, ಖರೇ ಹೇಳು ಅಂತ ಎಂಟು ದಿನ ಬೆನ್ನ ಹತ್ತಿದ್ರು.”

ಹೇಳುತ್ತ ಅವರಿಗೆ ನಗು ಬಂತು, ಆ ದುಃಖದಲ್ಲೂ. ನಾನೂ ನಕ್ಕೆ, ಮತ್ತೆ ಇಬ್ಬರೂ ಅತ್ತೆವು. ನನಗೆ ಏನು ಬೇಕೆಂದು ಕೇಳಿ, ಉತ್ತರಕ್ಕಾಗಿ ಕಾದ ಮೊದಲ ಮನುಷ್ಯ ಕಾಕಾ. ಆ ಋಣ ನನ್ನಿಂದ ತೀರುವುದಿಲ್ಲ, ತೀರಿಸುವ ಮನಸ್ಸೂ ನನಗಿಲ್ಲ.