ಮೂರನೇ ಮನೆಯ ಮೇಲಿನ ಒಂದು

ಬ್ಯಾಂಡ್ ಮಾಸ್ತರರ ಕೆಳತುಟಿಯ ನಟ್ಟನಡುವೆ ಒಂದು ಗುಳಿಯಿತ್ತು. ನಲವತ್ತು ವರ್ಷ ಕ್ಲಾರಿನೆಟ್ ಊದಿ ಊದಿ ಬಿದ್ದ ಗುಳಿ. ಚಹಾ ಕುಡಿದರೆ ಕೊನೆಯ ಹನಿ ಅಲ್ಲೇ ನಿಲ್ಲುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಅವರು ಮಾತಾಡುತ್ತಲೇ ಇದ್ದರೆ ಎದುರಿಗೆ ಕೂತ ನನಗೆ ಕೈ ತುರಿಸುತ್ತಿತ್ತು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಆಗ ನನ್ನದೊಂದು ಕಂಪ್ಯೂಟರ್ ಅಂಗಡಿ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದಿರಬೇಕು. ಅರ್ಜಿ, ಲಗ್ನಪತ್ರಿಕೆ ಟೈಪು ಮಾಡಿಕೊಂಡಿದ್ದೆ. ಒಂದು ದಿನ ಮಾಸ್ತರರು ಹಳೇ ನೊಟೇಶನ್ ಹಾಳೆಗಳ ಕಟ್ಟು ಹೊತ್ತು ಬಂದರು. ಹರೆಯದಲ್ಲಿ ಪೊಲೀಸ್ ಬ್ಯಾಂಡಿನಲ್ಲಿದ್ದು ಸ್ವರ ಬರೆಯಲು ಕಲಿತವರು. ಉಳಿದ ಮದುವೆ ಬ್ಯಾಂಡಿನವರು ಕಿವಿಯಿಂದ ಕೇಳಿ ನುಡಿಸಿದರೆ ಇವರ ತಂಡ ಹಾಳೆ ನೋಡಿ ನುಡಿಸುತ್ತಿತ್ತು. ಆ ಗರ್ವ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು.

"ಇಲಿ ತಿನ್ನಾಕ ಹತ್ಯಾವ ತಂಗಿ. ಕಂಪ್ಯೂಟರಿನ್ಯಾಗ ಹಾಕಿ ಒಂದು ಪುಸ್ತಕ ಮಾಡೋಣು. ಓದಾಕ ನಾ ಕಲಸ್ತೀನಿ."

ಕಲಿಸಿದರು. ಐದು ಗೆರೆಗಳ ಮೇಲೆ ಸ್ವರ ಬರೆದು, ಅಡ್ಡಗೆರೆ ಎಳೆದು ಭಾಗ ಮಾಡುತ್ತಾರಲ್ಲ, ಆ ಒಂದೊಂದು ಭಾಗಕ್ಕೆ ಬಾರ್ ಎನ್ನುತ್ತಾರೆ. ಅವರು ಮಾತ್ರ ಮನೆ ಎನ್ನುತ್ತಿದ್ದರು. ಎರಡು ವರ್ಷ ದಿನಾ ಸಂಜೆ ಬಂದು ಕೂತರು. ತಪ್ಪಿದರೆ ಬೈದರು, ಸರಿ ಬಂದರೆ ಸುಮ್ಮನಿದ್ದರು.

ಜಗಳವಾದದ್ದು ಮನೆಗಳ ನಂಬರಿಗೆ. ಸಾಫ್ಟ್‌ವೇರು ಪ್ರತಿ ಸಾಲಿನ ತಲೆಗೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಂಕಿ ಹಾಕುತ್ತಿತ್ತು. ಮಾಸ್ತರರಿಗೆ ಪ್ರತಿ ಮನೆಯ ಮೇಲೂ ಅಂಕಿ ಬೇಕು, ದಪ್ಪಗಿರಬೇಕು, ಕನ್ನಡದಲ್ಲಿರಬೇಕು, ಸುತ್ತ ದುಂಡಗೆ ಗೆರೆ ಇರಬೇಕು. ಮೇಲಾಗಿ ಮೊದಲೆರಡು ಮನೆಗಳಿಗೆ ಅಂಕಿಯೇ ಇರಬಾರದು. ಅಲ್ಲಿ ಬರೀ ಢೋಲು ಬಾರಿಸುತ್ತಾರೆ.

"ಅವೆರಡು ಮನಿ ಕಾಲಿಗೆ. ಹೆಜ್ಜಿ ಕೂಡಬೇಕು. ಉಸಿರು ಹಾಕಿದ ಮ್ಯಾಲೇ ಒಂದು ಅನ್ನಬೇಕು."

ಮೆನುಗಳೊಳಗೆ ಹೊಕ್ಕು ಹುಡುಕಿ ಹುಡುಕಿ ತಲೆ ಕೆಟ್ಟುಹೋಯಿತು. ಕೊನೆಗೆ ಅರ್ಜಿ ಟೈಪು ಮಾಡುವ ಕನ್ನಡ ಫಾಂಟನ್ನೇ ಅಂಕಿಗಳಿಗೆ ಹಚ್ಚಿದೆ. ದುಂಡು ಗೆರೆಯ ಆಯ್ಕೆ ಸಿಕ್ಕಿತು. ಎಣಿಕೆಯನ್ನು ಮೂರನೇ ಮನೆಯಿಂದ ಶುರು ಮಾಡುವುದೂ ಸಿಕ್ಕಿತು. ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಕನ್ನಡದ ಅಂಕಿಗಳು ಸಾಲಾಗಿ ಎದ್ದಾಗ ಮಾಸ್ತರರು ಎದ್ದು ನಿಂತು, "ಶಾಬಾಸ್!" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಅಂಕಿಗಳಿಗೆ ಅವರು ಯಾಕೆ ಜೀವ ಬಿಡುತ್ತಿದ್ದರೆಂದು ಲಕ್ಕಲಕಟ್ಟಿಯ ಮದುವೆಯಲ್ಲಿ ಕಂಡೆ. ಮೆರವಣಿಗೆಗೆ ಎಮ್ಮೆಯೊಂದು ಅಡ್ಡ ನುಗ್ಗಿ ಬ್ಯಾಂಡು ಚೆಲ್ಲಾಪಿಲ್ಲಿಯಾಯಿತು. ಒಬ್ಬೊಬ್ಬರು ಒಂದೊಂದು ಊದುತ್ತಿದ್ದರು. ಮಾಸ್ತರರು, "ಹದಿನೇಳು!" ಎಂದು ಕೂಗಿದ್ದೇ ತಡ, ಎಲ್ಲ ವಾದ್ಯಗಳೂ ಹದಿನೇಳನೇ ಮನೆಗೆ ಬಂದು ಕೂಡಿದವು.

ನನಗೆ ಅಂಗಡಿ ಬೇಸರವಾಗಿತ್ತು. ಸಂಗೀತದ ಟೀಚರ್ ಆಗಬೇಕೆಂಬ ಆಸೆ ಬಲಿತಿತ್ತು. ನರಗುಂದದ ಒಂದು ಖಾಸಗಿ ಶಾಲೆಗೆ ಬ್ಯಾಂಡ್ ಕಲಿಸುವವರು ಬೇಕಾಗಿದ್ದಾರೆಂದು ಹೇಳಿದವರೂ ಮಾಸ್ತರರೇ. ತಿಳಿದವರೆಂದು ಸಂದರ್ಶನ ಮಾಡಲು ಶಾಲೆಯವರು ಅವರನ್ನೇ ಕರೆದಿದ್ದರು.

"ಪುಸ್ತಕನ ನಿನ್ನ ಸರ್ಟಿಫಿಕೇಟು. ಮೊದಲ್ನೇ ಹಾಳಿ ನಾ ಪ್ರೆಸ್ಸಿನ್ಯಾಗ ಹಾಕಸ್ತೀನಿ. ನನ್ನ ಹೆಸರಿನ ಬಾಜೂಕ ನಿನ್ನ ಹೆಸರು."

ಪ್ರಿಂಟು ಮಾಡಿದ ಹಾಳೆಗಳನ್ನೆಲ್ಲ ಕೊಟ್ಟು ಕಳಿಸಿದೆ.

ರೋಣದಲ್ಲಿ ಬಸ್ಸು ಬದಲಿಸಿ, ಬರಿಗೈಯಲ್ಲಿ ನರಗುಂದಕ್ಕೆ ಹೋದೆ. ಅಲ್ಲಿ ಮಾಸ್ತರರ ಅಳಿಯ ಕೂತಿದ್ದ. ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದವನು. ನೊಟೇಶನ್ನಿನ ಗಂಧಗಾಳಿ ಇಲ್ಲ. ಅವನ ತೊಡೆಯ ಮೇಲೆ ನನ್ನ ಪುಸ್ತಕ. ಮೊದಲ ಹಾಳೆಯಲ್ಲಿ ಮಾಸ್ತರರ ಹೆಸರಿನ ಪಕ್ಕ ಅವನ ಹೆಸರು.

ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಮುಖ್ಯೋಪಾಧ್ಯಾಯಿನಿಯ ಪಕ್ಕದಲ್ಲಿ ಮಾಸ್ತರರು ಕೂತಿದ್ದರು. ಮುಖ್ಯೋಪಾಧ್ಯಾಯಿನಿ ಪುಸ್ತಕ ತಿರುವಿ ಅಳಿಯನನ್ನು ಕೇಳಿದರು: "ಇಲ್ಲಿ ಮೂರನೇ ಬಾರಿನ ಮ್ಯಾಲೆ ಒಂದು ಅಂತ ಯಾಕ ಬರದೀರಿ?"

"ಅದು ಪ್ರಿಂಟಿಂಗ್ ಮಿಸ್ಟೇಕ್ ರೀ ಮೇಡಂ."

ನಾನು ಮಾಸ್ತರರ ಮುಖ ನೋಡಿದೆ. ಬಾಯಿ ತೆರೆದರು.

"ಹೌದ್ರಿ. ಟೈಪ್ ಮಾಡೋರು ತಪ್ಪು ಮಾಡ್ಯಾರ. ತಿದ್ದಸ್ತೀನಿ."

ಟೈಪು ಮಾಡಿದವಳು ಮೂರು ಮಾರು ದೂರದಲ್ಲಿ ಕೂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಕೆಲಸ ಅಳಿಯನಿಗಾಯಿತು.

ವಾರದ ಮೇಲೆ ಅಂಗಡಿಗೆ ಬಂದರು. ಯಾವ ಮುಖ ಹೊತ್ತು ಬಂದರೋ! "ಎಲ್ಲಾರೂ ಎಣಸೋ ಹಂಗ ಮೊದಲ್ನೇ ಮನಿಯಿಂದನ ಅಂಕಿ ಹಾಕಿ ಕೊಡು ತಂಗಿ" ಎಂದರು.

"ಮಾಸ್ತರ್ರ, ಖರೇನ ಅದು ತಪ್ಪೇನ್ರಿ?"

"ಮಗಳ ಸಂಸಾರ ಐತವಾ."

ಅಷ್ಟೇ ಹೇಳಿದರು. ನನಗೆ ಕೊಟ್ಟ ಮಾತೂ ಇತ್ತಲ್ಲವೇ ಎಂದು ಕೇಳಬೇಕಿತ್ತು. ಎಣಿಕೆ ಬದಲಿಸಿದೆ. ಹೊಂದಿಸಲು ತಿಂಗಳು ಹಿಡಿದಿದ್ದು ಕೆಡಿಸಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊದಲ ಹಾಳೆ ಕೈಗೆ ತೆಗೆದುಕೊಂಡು ಅವರು ಅಭ್ಯಾಸಬಲದಿಂದ ಕಾಲಲ್ಲಿ ಢೋಲಿನ ತಾಳ ಹಾಕತೊಡಗಿದರು. ಅಂಕಿ ಕಂಡು ಕಾಲು ನಿಂತಿತು. ಹಾಳೆ ಮಡಚಿ ಎದ್ದು ಹೋದರು. ಮತ್ತೆ ಬರಲಿಲ್ಲ.

ಮರುವರ್ಷ ತೀರಿಕೊಂಡರು. ಅವರ ಓಣಿಯ ಮೂಲೆಯವರೆಗೆ ಹೋಗಿ ತಿರುಗಿ ಬಂದೆ. ಇಷ್ಟು ವರ್ಷವಾದರೂ ಕ್ಷಮಿಸಲು ನನಗಾಗಿಲ್ಲ.

ಒಂದು ಸ್ವಾತಂತ್ರ್ಯ ದಿನ ನರಗುಂದದಲ್ಲಿದ್ದೆ. ಆ ಶಾಲೆಯ ಮಕ್ಕಳು ಬ್ಯಾಂಡು ನುಡಿಸುತ್ತ ಬಂದರು. ಹಾಳೆಯಲ್ಲಿ ಒಂದು ಎಂದಿದ್ದಲ್ಲಿಂದಲೇ ಊದಬೇಕೆಂದು ಅಳಿಯ ಹೇಳಿಕೊಟ್ಟಿರಬೇಕು. ಢೋಲು ಶುರುವಾಗುತ್ತಿದ್ದಂತೆಯೇ, ಹೆಜ್ಜೆ ಕೂಡುವ ಮೊದಲೇ, ಎಲ್ಲರೂ ಊದಿಬಿಟ್ಟರು. ರಸ್ತೆಬದಿಯ ಜನ ಚಪ್ಪಾಳೆ ತಟ್ಟಿದರು. ಆ ಗುಂಪಿನಲ್ಲಿ ಎರಡು ಮನೆ ತಪ್ಪಿದ್ದು ಗೊತ್ತಾದವಳು ನಾನೊಬ್ಬಳೇ. ಗೊತ್ತಾಗುವ ಹಾಗೆ ಕಲಿಸಿದವರು ಅವರೇ.